ನಾಲ್ಕನೇ ಜ್ವರ ಎದ್ದ ಹುಳು, ಒಣಗಿದ ಬಾವಿ ಮತ್ತು ಡಿವೈ ಬೈ ಡಿಎಕ್ಸ್

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯವಳು. ಮನೆಯಲ್ಲಿ ತೆಲುಗು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಚಿಕ್ಕಬಳ್ಳಾಪುರದಲ್ಲಿ ದ್ವಿತೀಯ ಪಿಯುಸಿ, ಪಿಸಿಎಂಸಿ. ಡೆರಿವೇಟಿವ್ ಸೂತ್ರಗಳೆಲ್ಲ ಬಾಯಿಪಾಠ ಆಗಿವೆ, ಟೆಸ್ಟ್‌ಗಳಲ್ಲಿ ಮಾರ್ಕ್ಸ್ ಬರುತ್ತೆ. ಆದರೆ ಅದು ಏನು ಅಂತ ಯಾರಾದರೂ ಕೇಳಿದರೆ ಹೇಳಲು ಬರಲ್ಲ. ಅಪ್ಲಿಕೇಶನ್ ಲೆಕ್ಕ ಬಂದರೆ ಕೈ ನಿಂತುಬಿಡುತ್ತೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ದೊಡ್ಡಪ್ಪನ ಮಗ ಅಣ್ಣ, 'ಏಳು ವರ್ಷದಲ್ಲಿ ಒಂದು ದಿನವೂ ಬಳಸಿಲ್ಲ, ಪಾಸಾದರೆ ಸಾಕು ಬಿಡು' ಅಂತಾನೆ. ಇದನ್ನು ನಿಜವಾಗಿ ಕಲಿಯೋದು ಹೇಗೆ? ಮುಂದೆ ಯಾವ ಕೆಲಸಕ್ಕೆ ಬೇಕಾಗುತ್ತೆ? ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ, ನಾಲ್ಕನೇ ಜ್ವರ (ಪೊರೆ ಬಿಡಲು ಹುಳು ತಿನ್ನದೆ ಕೂರುವುದು) ಎದ್ದ ಮೇಲೆ ಓದಲು ಪುರುಸೊತ್ತೇ ಸಿಗಲ್ಲ. ಇರುವ ಸಮಯದಲ್ಲಿ ಯಾವುದರಿಂದ ಶುರು ಮಾಡಲಿ?

ಉತ್ತರ: ನಿನ್ನ ಮೊದಲ ಪ್ರಶ್ನೆಗೆ ಉತ್ತರ ನಿನ್ನ ಪತ್ರದ ಕೊನೆಯಲ್ಲೇ ಇದೆ ಕಣಮ್ಮ. ನಾಲ್ಕನೇ ಜ್ವರ ಎದ್ದ ಮೇಲೆ ಪುರುಸೊತ್ತು ಯಾಕೆ ಸಿಗಲ್ಲ? ಹುಳು ಆಗ ತಿನ್ನುವ ಜೋರು ಬೇರೆ. ಆ ಜೋರಿಗೇ ಗಣಿತದಲ್ಲಿ ಡೆರಿವೇಟಿವ್ ಅನ್ನುವುದು.

ಲೆಕ್ಕ ಹಾಕಿ ನೋಡೋಣ. ಒಂದು ಬೆಳೆಗೆ ಒಟ್ಟು 1000 ಕೆಜಿ ಹಿಪ್ಪುನೇರಳೆ ಸೊಪ್ಪು, ಚಾಕಿಯಿಂದ (ಮರಿ ಹುಳುವಿನ ಹಂತ) ಹಣ್ಣಾಗುವವರೆಗೆ (ಗೂಡು ಕಟ್ಟಲು ಸಿದ್ಧವಾಗುವವರೆಗೆ) 25 ದಿನ ಅಂತ ಇಟ್ಟುಕೋ. ಲೆಕ್ಕಕ್ಕೆ ಸುಲಭವಾಗಲಿ ಅಂತ ತೆಗೆದುಕೊಂಡ ಸಂಖ್ಯೆಗಳಿವು. ನಿಮ್ಮ ಮನೆಯದು ಸ್ವಲ್ಪ ಆಚೀಚೆ ಇದ್ದೀತು. 1000ವನ್ನು 25ರಿಂದ ಭಾಗಿಸಿದರೆ ದಿನಕ್ಕೆ 40 ಕೆಜಿ. ಇದು ಸರಾಸರಿ. ಈ 40 ಅನ್ನು ನಂಬಿಕೊಂಡು ನಿಮ್ಮ ಅಪ್ಪ ಪ್ರತಿದಿನ 40 ಕೆಜಿ ಕೊಯ್ದರೆ ಏನಾಗುತ್ತೆ? ಮೊದಲ ವಾರ ಸೊಪ್ಪೆಲ್ಲ ತಟ್ಟೆಯಲ್ಲೇ ಬಾಡುತ್ತೆ, ಕೊನೆಯ ವಾರ ಹುಳು ಉಪವಾಸ ಬೀಳುತ್ತೆ. ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ರಿಂದ 85 ಭಾಗ ಹೋಗುವುದು ನಾಲ್ಕನೇ ಜ್ವರ ಎದ್ದ ಮೇಲೆಯೇ. ಮೊದಲ 18 ದಿನಕ್ಕೆ 150 ಕೆಜಿ ಅಂದರೆ ದಿನಕ್ಕೆ 8 ಕೆಜಿ ಚಿಲ್ಲರೆ. ಕೊನೆಯ 7 ದಿನಕ್ಕೆ 850 ಕೆಜಿ ಅಂದರೆ ದಿನಕ್ಕೆ ಸುಮಾರು 121 ಕೆಜಿ. ಇಡೀ ಬೆಳೆಯಲ್ಲಿ 40 ಕೆಜಿಯೇ ತಿಂದ ದಿನ ಹುಡುಕಿದರೆ ಬಹುಶಃ ಒಂದು ಸಿಕ್ಕೀತು.

'ಇಲ್ಲಿಯವರೆಗೆ ಎಷ್ಟು ತಿಂದಿದೆ' ಅನ್ನುವುದು ಒಂದು ಪ್ರಶ್ನೆ. 'ಇವತ್ತು, ಈ ಹೊತ್ತಿನಲ್ಲಿ ಎಷ್ಟು ಜೋರಾಗಿ ತಿನ್ನುತ್ತಿದೆ' ಅನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದು ಫಂಕ್ಷನ್, ಎರಡನೆಯದು ಅದರ ಡೆರಿವೇಟಿವ್. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ದಿನ, ಮೇಲಕ್ಕೆ ಒಟ್ಟು ಸೊಪ್ಪು ಗುರುತು ಮಾಡಿ ಗೆರೆ ಎಳೆ. ಮೊದಲು ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತೆ. ಹುಳು ಜ್ವರಕ್ಕೆ ಕೂತ ದಿನಗಳಲ್ಲಿ ಗೆರೆ ಪೂರ್ತಿ ಮಟ್ಟಸ, ಅಲ್ಲಿ ಡೆರಿವೇಟಿವ್ ಸೊನ್ನೆ. ನಾಲ್ಕನೇ ಜ್ವರ ಎದ್ದ ಮೇಲೆ ನಂದಿ ಬೆಟ್ಟದ ಹಾಗೆ ಕಡಿದಾಗಿ ಏರುತ್ತೆ. ಹಣ್ಣಾದ ಹುಳು ಗೂಡು ಕಟ್ಟುವ ಚಂದ್ರಿಕೆ ಹತ್ತಿದ ಮೇಲೆ ಮತ್ತೆ ಮಟ್ಟಸ. ಗೆರೆ ಯಾವ ಜಾಗದಲ್ಲಿ ಎಷ್ಟು ಕಡಿದಾಗಿದೆ ಅಂತ ಒಂದೇ ಸಂಖ್ಯೆಯಲ್ಲಿ ಹೇಳಿದರೆ, ಆ ಸಂಖ್ಯೆಯೇ ಡಿವೈ ಬೈ ಡಿಎಕ್ಸ್.

ನಾನು ಪಿಯುಸಿ ಓದುವಾಗ ಇದನ್ನು ಯಾರೂ ನನಗೆ ಹೀಗೆ ಹೇಳಲಿಲ್ಲ. ಮೊದಲ ದಿನವೇ ಬೋರ್ಡಿನ ಮೇಲೆ ಇಪ್ಪತ್ತು ಸೂತ್ರ ಬರೆಸಿ 'ನಾಳೆ ಒಪ್ಪಿಸಬೇಕು' ಅಂದರು. ಒಪ್ಪಿಸಿದೆ, ಎಂಎಸ್ಸಿ ಮುಗಿಸಿದೆ, ಪಾಠ ಮಾಡಲೂ ನಿಂತೆ. ಕೋಲಾರ, ಚಿಕ್ಕಬಳ್ಳಾಪುರ ಇನ್ನೂ ಒಂದೇ ಜಿಲ್ಲೆಯಾಗಿದ್ದ ಕಾಲ ಅದು. ಎರಡನೇ ವರ್ಷವೋ ಮೂರನೇ ವರ್ಷವೋ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ನೀನು ಕೇಳಿದ ಪ್ರಶ್ನೆಯನ್ನೇ ಕೇಳಿದ. ನನ್ನ ಬಳಿ ಸೂತ್ರ ಬಿಟ್ಟು ಬೇರೆ ಉತ್ತರ ಇರಲಿಲ್ಲ. ಅವನ ಮುಖ ಇನ್ನೂ ಮರೆತಿಲ್ಲ. ಅವತ್ತಿನಿಂದ 31 ವರ್ಷದ ಸರ್ವಿಸ್ ಮುಗಿಯುವವರೆಗೂ ಸೂತ್ರವನ್ನು ಮೊದಲ ದಿನ ಬೋರ್ಡಿನ ಮೇಲೆ ಬರೆಯಲಿಲ್ಲ.

ಈಗ ಸ್ವಲ್ಪ ಬಿಗಿಯಾಗಿ ನೋಡೋಣ. 'ಈ ಕ್ಷಣದ ವೇಗ' ಅನ್ನುವಲ್ಲೇ ಒಂದು ತೊಡಕಿದೆ. ವೇಗ ಬೇಕೆಂದರೆ ದೂರವನ್ನು ಸಮಯದಿಂದ ಭಾಗಿಸಬೇಕು. ಒಂದು ಕ್ಷಣದಲ್ಲಿ ಕಳೆದ ಸಮಯ ಸೊನ್ನೆ, ಹೋದ ದೂರವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸೋದು ಹೇಗೆ?

ನಮ್ಮ ಕಡೆ ನೀರಿಲ್ಲದ ಹಳೇ ಬಾವಿಗಳಿಗೆ ಬರವಿಲ್ಲ. 20 ಮೀಟರ್, ಅಂದರೆ ಸುಮಾರು 65 ಅಡಿ ಆಳದ ಒಂದು ಬಾವಿಗೆ ಕಲ್ಲು ಬಿಟ್ಟೆ ಅಂತಿಟ್ಟುಕೋ. ಬಿದ್ದ ದೂರ ಹೆಚ್ಚುಕಡಿಮೆ 5 ಸಲ ಸಮಯದ ವರ್ಗ: 1 ಸೆಕೆಂಡಿಗೆ 5 ಮೀಟರ್, 2 ಸೆಕೆಂಡಿಗೆ 20 ಮೀಟರ್. ಎರಡನೇ ಸೆಕೆಂಡಿಗೆ ಕಲ್ಲು ತಳ ಮುಟ್ಟುತ್ತೆ. ಮುಟ್ಟುವ ಆ ಕ್ಷಣದಲ್ಲಿ ಅದರ ವೇಗ ಎಷ್ಟು?

ಪೂರ್ತಿ 2 ಸೆಕೆಂಡಿನ ಸರಾಸರಿ: ಸೆಕೆಂಡಿಗೆ 10 ಮೀಟರ್. ಕೊನೆಯ 1 ಸೆಕೆಂಡಿನದು ಮಾತ್ರ ತೆಗೆದುಕೊಂಡರೆ 15. ಕೊನೆಯ 0.1 ಸೆಕೆಂಡಿನದು 19.5. ಕೊನೆಯ 0.01 ಸೆಕೆಂಡಿನದು 19.95. ಕೊನೆಯ 0.001 ಸೆಕೆಂಡಿನದು 19.995. ಪೆನ್ನು ಹಿಡಿದು ಇವನ್ನು ನೀನೇ ಮಾಡಿ ನೋಡಬೇಕು, ಓದಿ ಮುಂದೆ ಹೋಗಬೇಡ. ಸಂಖ್ಯೆಗಳು ಎಲ್ಲಿಗೆ ಹೊರಟಿವೆ ಅಂತ ನಿನಗೇ ಕಾಣುತ್ತೆ. 20ಕ್ಕೆ. ಸೆಕೆಂಡಿಗೆ 20 ಮೀಟರ್ ಅಂದರೆ ಗಂಟೆಗೆ 72 ಕಿಲೋಮೀಟರ್. ಸರಾಸರಿ ಮಾತ್ರ ನೋಡಿದ್ದರೆ 36 ಅಂದುಕೊಳ್ಳುತ್ತಿದ್ದೆವು.

ಸಮಯದ ಆ ಸಣ್ಣ ತುಂಡಿಗೆ ಹೆಚ್ ಅಂತ ಹೆಸರಿಟ್ಟು ಇದನ್ನೇ ಬೀಜಗಣಿತದಲ್ಲಿ ಮಾಡಿದರೆ ಉತ್ತರ 20 − 5 ಹೆಚ್ ಅಂತ ಬರುತ್ತೆ. ಇಡೀ ಗುಟ್ಟು ಇಲ್ಲೇ ಇದೆ. ಹೆಚ್ ಸೊನ್ನೆಯಲ್ಲದಿರುವಾಗಲೇ ಭಾಗಿಸಿ ಮುಗಿಸಿದ್ದೇವೆ, ಆಮೇಲೆ ಹೆಚ್ ಅನ್ನು ಸೊನ್ನೆಯ ಹತ್ತಿರ ಹತ್ತಿರಕ್ಕೆ ಬಿಟ್ಟಿದ್ದೇವೆ. ಸೊನ್ನೆಯಿಂದ ಎಂದೂ ಭಾಗಿಸಲೇ ಇಲ್ಲ. ಪ್ರಥಮ ಪಿಯುಸಿಯಲ್ಲಿ ಡೆರಿವೇಟಿವ್‌ಗಿಂತ ಮೊದಲು ಲಿಮಿಟ್ ಪಾಠ ಇಟ್ಟಿರುವುದು ಈ ಒಂದು ಹೆಜ್ಜೆಗಾಗಿ. ಅದನ್ನು 'ಸುಲಭದ ಎರಡು ಮಾರ್ಕ್ಸ್' ಅಂತ ಓದಿ ದಾಟಿದವರಿಗೆ ಮುಂದಿನದೆಲ್ಲ ಮಂತ್ರದ ಹಾಗೆ ಕಾಣುತ್ತೆ.

ಇದು ಪೂರ್ತಿ ಪರದೇಶದ ವಿದ್ಯೆ ಅನ್ನುವ ಹೆದರಿಕೆಯೂ ಬೇಡ. ಡಿವೈ ಬೈ ಡಿಎಕ್ಸ್ ಅನ್ನುವ ಬರವಣಿಗೆ ಜರ್ಮನಿಯ ಲೈಬ್ನಿಟ್ಸ್‌ನದು, 1684ರಲ್ಲಿ ಅವನು ಅದನ್ನು ಪ್ರಕಟಿಸಿದ. ಇಂಗ್ಲೆಂಡಿನ ನ್ಯೂಟನ್ ತನ್ನದೇ ದಾರಿಯಲ್ಲಿ ಅಲ್ಲಿಗೇ ಬಂದಿದ್ದ. ಎಲ್ಲ ಫಂಕ್ಷನ್‌ಗಳಿಗೂ ನಡೆಯುವ ನಿಯಮಗಳನ್ನು ಕಟ್ಟಿದ ಕೀರ್ತಿ ಅವರಿಗೇ ಸಲ್ಲಬೇಕು. ಆದರೆ 499ರಲ್ಲೇ ಆರ್ಯಭಟ ಸೈನ್‌ಗಳ ಬದಲಿಗೆ ಒಂದು ಸೈನಿನಿಂದ ಮುಂದಿನ ಸೈನಿಗೆ ಇರುವ ವ್ಯತ್ಯಾಸಗಳ ಪಟ್ಟಿ ಕೊಟ್ಟ: 225, 224, 222, 219, 215, ಹೀಗೆ 24 ಸಂಖ್ಯೆ, ಕೊನೆಯದು 7. 1150ರ ಸಿದ್ಧಾಂತ ಶಿರೋಮಣಿಯಲ್ಲಿ ಭಾಸ್ಕರಾಚಾರ್ಯರು ಗ್ರಹದ ಒಂದು ದಿನದ ಗತಿ ಬೇರೆ, 'ತಾತ್ಕಾಲಿಕ ಗತಿ' ಬೇರೆ ಅಂದರು. ತತ್ಕಾಲ ಅಂದರೆ ಆ ಹೊತ್ತು. ಬಾವಿಯ ಕಲ್ಲಿಗೆ ನಾವು ಕೇಳಿದ್ದೂ ಅದೇ ಗತಿಯನ್ನು.

ಆರ್ಯಭಟನ ಆ ಪಟ್ಟಿಯಿಂದಲೇ ನಿನಗೊಂದು ಅಭ್ಯಾಸ ಕೊಡುತ್ತೇನೆ. ಲಾಗ್ ಟೇಬಲ್ ಪುಸ್ತಕ ತೆಗೆದು ಸೈನ್ 0, 10, 20 ಡಿಗ್ರಿ, ಹೀಗೆ 90ರವರೆಗೆ ಬರೆದುಕೋ. ಪಕ್ಕದಲ್ಲಿ ವ್ಯತ್ಯಾಸಗಳನ್ನು ಬರಿ: 0.1736, 0.1684, 0.1580 ಅಂತ ಇಳಿಯುತ್ತಾ ಹೋಗಿ ಕೊನೆಗೆ 0.0152. ಪ್ರತಿಯೊಂದನ್ನೂ 0.1745ರಿಂದ ಭಾಗಿಸು, 10 ಡಿಗ್ರಿ ಅಂದರೆ ಅಷ್ಟು ರೇಡಿಯನ್. ಮೂರನೆಯದಕ್ಕೆ 0.905 ಬರುತ್ತೆ. ಅದೇ ಪುಸ್ತಕದಲ್ಲಿ ಕಾಸ್ 25 ಡಿಗ್ರಿ ನೋಡು: 0.906. ಆರನೆಯದಕ್ಕೆ 0.573, ಕಾಸ್ 55 ಡಿಗ್ರಿ 0.5736. ಸೈನ್‌ನ ಡೆರಿವೇಟಿವ್ ಕಾಸ್ ಅಂತ ನೀನು ಬಾಯಿಪಾಠ ಮಾಡಿದ್ದೀಯಲ್ಲ, ಅದು ನಿನ್ನ ಕೈಯಿಂದಲೇ ಹುಟ್ಟಿದ್ದನ್ನು ನೋಡುತ್ತೀಯ. ಕ್ಯಾಲ್ಕುಲಸ್‌ಗೆ ಬಂದ ಕೂಡಲೇ ಡಿಗ್ರಿ ಬಿಟ್ಟು ರೇಡಿಯನ್ ಯಾಕೆ ಹಿಡಿಯುತ್ತಾರೆ ಅನ್ನುವುದೂ ಆ 0.1745ರಿಂದ ಭಾಗಿಸುವಾಗಲೇ ಹೊಳೆಯುತ್ತೆ.

ಇ ಪವರ್ ಎಕ್ಸ್‌ನ ಡೆರಿವೇಟಿವ್ ಅದೇ ಇ ಪವರ್ ಎಕ್ಸ್ ಅನ್ನುವುದು ಮಕ್ಕಳಿಗೆ ವಿಚಿತ್ರ ಅನಿಸುತ್ತೆ. ನಿನಗೆ ಅನಿಸಬಾರದು, ನೀನು ಹುಳು ಸಾಕಿದವಳು. ಹುಳು ದೊಡ್ಡದಾದಷ್ಟೂ ಹೆಚ್ಚು ತಿನ್ನುತ್ತೆ, ಹೆಚ್ಚು ತಿಂದಷ್ಟೂ ಬೇಗ ದೊಡ್ಡದಾಗುತ್ತೆ. ಬೆಳೆಯುವ ವೇಗ ಈಗಿರುವ ಗಾತ್ರಕ್ಕೆ ತಕ್ಕ ಹಾಗೆ ಇರುತ್ತೆ. ಯಾವುದೆಲ್ಲ ಹೀಗೆ ಬೆಳೆಯುತ್ತೋ ಅಲ್ಲೆಲ್ಲ ಇ ಪವರ್ ಎಕ್ಸ್ ಬಂದು ಕೂರುತ್ತೆ. ಮೊಟ್ಟೆಯಿಂದ ಹೊರಬಂದ ಹುಳು ಹಣ್ಣಾಗುವ ಹೊತ್ತಿಗೆ ಸುಮಾರು 10,000 ಪಟ್ಟು ತೂಕವಾಗುತ್ತೆ. 25 ದಿನದಲ್ಲಿ ಅಷ್ಟಾಗಬೇಕಾದರೆ ದಿನಕ್ಕೆ ನೂರಕ್ಕೆ ಸುಮಾರು 45ರಂತೆ, ಚಕ್ರಬಡ್ಡಿಯ ಹಾಗೆ, ಬೆಳೆಯಬೇಕು. ಜ್ವರಕ್ಕೆ ಕೂತಾಗ ತಿನ್ನುವುದು ನಿಲ್ಲುವುದರಿಂದ ನಿಜವಾದ ಗೆರೆ ಮೆಟ್ಟಿಲು ಮೆಟ್ಟಿಲಾಗಿರುತ್ತೆ. ದೂರದಿಂದ ನೋಡಿದರೆ ಮಾತ್ರ ನುಣುಪು.

ಇನ್ನು ನಿಯಮಗಳು. ಪ್ರಾಡಕ್ಟ್ ರೂಲ್, ಕೋಶಂಟ್ ರೂಲ್, ಚೈನ್ ರೂಲ್: ಇವು ಕೈಗೆ ಹತ್ತಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ದಿನಕ್ಕೆ ಹತ್ತು ಲೆಕ್ಕದಂತೆ ಮೂರು ವಾರ ಮಾಡಿದರೆ ಹತ್ತುತ್ತವೆ. ಉತ್ತರಪತ್ರಿಕೆ ತಿದ್ದುವಾಗ ನಾನು ಅತಿ ಹೆಚ್ಚು ಕಂಡ ತಪ್ಪು ಚೈನ್ ರೂಲ್‌ನದು: ಸೈನ್ 2ಎಕ್ಸ್‌ಗೆ ಕಾಸ್ 2ಎಕ್ಸ್ ಅಂತ ಬರೆದು, ಹೊರಗೆ ಬರಬೇಕಾದ 2 ಅನ್ನು ಬಿಟ್ಟುಬಿಡುವುದು. ಸೈಕಲ್ಲಿನ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ ಎರಡು ಸುತ್ತು, ಚಕ್ರ ಒಂದು ಸುತ್ತಿಗೆ 2 ಮೀಟರ್ ಹೋದರೆ, ಪೆಡಲ್‌ನ ಒಂದು ಸುತ್ತಿಗೆ 4 ಮೀಟರ್. ಒಂದರ ವೇಗ ಇನ್ನೊಂದಕ್ಕೆ ಕೊಂಡಿ ಹಾಕಿದಾಗ ಗುಣಿಸಬೇಕು. ಚೈನ್ ರೂಲ್ ಅಂದರೆ ಇಷ್ಟೇ. ಇನ್ನೊಂದು ತಪ್ಪು ಎಕ್ಸ್ ಪವರ್ ಎಕ್ಸ್‌ಗೆ ಎಕ್ಸ್ ಸ್ಕ್ವೇರ್‌ನ ನಿಯಮ ಹಚ್ಚುವುದು. ಅಲ್ಲಿ ಮೇಲಿನದೂ ಬದಲಾಗುತ್ತಿದೆ, ಹಾಗಾಗಿ ಎರಡೂ ಕಡೆ ಲಾಗ್ ತೆಗೆದುಕೊಳ್ಳಲೇಬೇಕು.

ಅಪ್ಲಿಕೇಶನ್ ಲೆಕ್ಕದಲ್ಲಿ ಕೈ ನಿಲ್ಲುತ್ತೆ ಅಂದೆಯಲ್ಲ, ಅದಕ್ಕೆ ಗಣಿತ ಕಾರಣವಲ್ಲ ಅಂತ ನನ್ನ ಅನುಭವ ಹೇಳುತ್ತೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಈಗ ಪುಸ್ತಕ ಇಂಗ್ಲಿಷಿನಲ್ಲಿ. ನಮ್ಮ ಗಡಿ ತಾಲ್ಲೂಕುಗಳ ಮಕ್ಕಳು ಒಂದು ಲೆಕ್ಕ ಬಿಡಿಸಲು ಮೂರು ಭಾಷೆ ದಾಟಬೇಕು. 'ವಿತ್ ರೆಸ್ಪೆಕ್ಟ್ ಟು ಎಕ್ಸ್' ಅಂದರೆ ಎಕ್ಸ್‌ಗೆ ಮರ್ಯಾದೆ ಕೊಡುವುದು ಅಂತ ಅಂದುಕೊಂಡಿದ್ದ ಮಕ್ಕಳನ್ನು ನಾನು ಕಂಡಿದ್ದೇನೆ. ಅವರ ತಪ್ಪಲ್ಲ ಅದು, ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೆ ಅರ್ಥ 'ಎಕ್ಸ್ ಬದಲಾದ ಹಾಗೆ' ಅಂತ. 'ರೇಟ್ ಆಫ್ ಚೇಂಜ್' ಅಂದರೆ ಬದಲಾಗುವ ವೇಗ. 'ಇನ್‌ಕ್ರೀಸಿಂಗ್ ಅಟ್ ದ ರೇಟ್ ಆಫ್ 3' ಅಂತ ಕೊಟ್ಟರೆ ಡೆರಿವೇಟಿವ್ 3, 'ಡಿಕ್ರೀಸಿಂಗ್' ಅಂದರೆ ಮೈನಸ್ 3. 'ಮ್ಯಾಕ್ಸಿಮಮ್', 'ಮಿನಿಮಮ್', 'ಲೀಸ್ಟ್ ಕಾಸ್ಟ್' ಕಂಡ ಕಡೆ ಡೆರಿವೇಟಿವ್ ಸೊನ್ನೆ ಎಲ್ಲಾಗುತ್ತೆ ಅಂತ ಹುಡುಕು. ಲೆಕ್ಕವನ್ನು ಮೊದಲು ನಿನ್ನ ಭಾಷೆಯಲ್ಲಿ, ಬೇಕಾದರೆ ತೆಲುಗಿನಲ್ಲೇ, ಗಟ್ಟಿಯಾಗಿ ಹೇಳಿಕೋ. ಚಿತ್ರ ಬಿಡಿಸು. ಆಮೇಲೆ ಎಕ್ಸ್, ವೈ.

ಒಂದನ್ನು ಇಲ್ಲೇ ಮಾಡೋಣ, ಯಾಕೆಂದರೆ ಮುಂದೆ ಕೆಲಸದ ಮಾತಿಗೂ ಇದೇ ಬೇಕು. ಡ್ರಿಪ್‌ಗೆ ನೀರು ನಿಲ್ಲಿಸಲು 32,000 ಲೀಟರ್ ಹಿಡಿಯುವ, ಮೇಲೆ ಮುಚ್ಚಳವಿಲ್ಲದ, ಚೌಕ ತಳದ ಸಿಮೆಂಟ್ ತೊಟ್ಟಿ ಕಟ್ಟಿಸಬೇಕು. ಅಂದರೆ 32 ಘನ ಮೀಟರ್. ಒಳಗೆ ಗಾರೆ ಮಾಡುವ ಜಾಗ ಆದಷ್ಟು ಕಡಿಮೆಯಾಗಬೇಕು, ಅದಕ್ಕೇ ದುಡ್ಡು. ಅಗಲ ಎಷ್ಟಿಡಬೇಕು, ಆಳ ಎಷ್ಟಿಡಬೇಕು?

ಅಗಲ ಎಕ್ಸ್ ಆದರೆ ತಳ ಎಕ್ಸ್ ಸ್ಕ್ವೇರ್. ಆಳ 32ನ್ನು ಎಕ್ಸ್ ಸ್ಕ್ವೇರ್‌ನಿಂದ ಭಾಗಿಸಿದಷ್ಟು. ನಾಲ್ಕು ಗೋಡೆ ಸೇರಿ 128 ÷ ಎಕ್ಸ್. ಒಟ್ಟು ಗಾರೆ: ಎಕ್ಸ್ ಸ್ಕ್ವೇರ್ + 128 ÷ ಎಕ್ಸ್. ಮೊದಲು ಸೂತ್ರ ಹಚ್ಚಬೇಡ, ಸಂಖ್ಯೆ ಹಾಕಿ ನೋಡು. ಅಗಲ 3 ಮೀಟರ್ ಆದರೆ 51.7 ಚದರ ಮೀಟರ್. 4 ಆದರೆ 48. 5 ಆದರೆ 50.6. ತಗ್ಗು 4ರ ಹತ್ತಿರ ಎಲ್ಲೋ ಇದೆ ಅಂತ ಕಂಡಿತು. ಈಗ ಡೆರಿವೇಟಿವ್: 2ಎಕ್ಸ್ − 128 ÷ ಎಕ್ಸ್ ಸ್ಕ್ವೇರ್. ಇದನ್ನು ಸೊನ್ನೆಗೆ ಸಮ ಮಾಡಿದರೆ ಎಕ್ಸ್ ಕ್ಯೂಬ್ 64, ಎಕ್ಸ್ 4. ಅಗಲ 4 ಮೀಟರ್, ಆಳ 2 ಮೀಟರ್. ಲೀಟರ್ ಎಷ್ಟೇ ಇರಲಿ, ಇಂಥ ತೊಟ್ಟಿಗೆ ಆಳ ಅಗಲದ ಅರ್ಧ ಇದ್ದಾಗಲೇ ಗಾರೆ ಅತಿ ಕಡಿಮೆ. ನೀನೇ 32ರ ಬದಲು ಬೇರೆ ಸಂಖ್ಯೆ ಹಾಕಿ ಸಾಧಿಸು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಪಠ್ಯಪುಸ್ತಕದ ಲೆಕ್ಕಗಳಲ್ಲಿ ಕಾಣಿಸುವುದಿಲ್ಲ. ಮೇಸ್ತ್ರಿ ತಪ್ಪಿ 4 ಮೀಟರ್ ಬದಲು 4.2 ಮೀಟರ್ ಗುರುತು ಹಾಕಿದ, ಆಳವನ್ನು ಅದಕ್ಕೆ ಹೊಂದಿಸಿದ ಅಂತಿಟ್ಟುಕೋ. ಗಾರೆ 48.12 ಆಗುತ್ತೆ. 20 ಸೆಂಟಿಮೀಟರ್ ತಪ್ಪಿದರೂ ನಷ್ಟ ಕಾಲು ಚದರ ಮೀಟರ್ ಕೂಡ ಇಲ್ಲ. ತಗ್ಗಿನ ತಳದಲ್ಲಿ ಗೆರೆ ಮಟ್ಟಸವಾಗಿರುತ್ತೆ, ಡೆರಿವೇಟಿವ್ ಸೊನ್ನೆ, ಹಾಗಾಗಿ ಅಲ್ಲಿ ಸಣ್ಣ ತಪ್ಪಿಗೆ ದಂಡ ಕಡಿಮೆ. ಅದೇ 20 ಸೆಂಟಿಮೀಟರ್ ತಪ್ಪು 3 ಮೀಟರ್ ಅಗಲದ ಕಡೆ ಆದರೆ ಒಂದೂವರೆ ಚದರ ಮೀಟರ್‌ನಷ್ಟು ವ್ಯತ್ಯಾಸ ಬರುತ್ತೆ. ಎಲ್ಲಿ ಬಿಗಿಯಾಗಿ ಅಳೆಯಬೇಕು, ಎಲ್ಲಿ ಸ್ವಲ್ಪ ಸಡಿಲ ಬಿಡಬಹುದು ಅಂತ ಡೆರಿವೇಟಿವ್ ಹೇಳಿಕೊಡುತ್ತೆ. ಕೆಲಸಕ್ಕೆ ಸೇರಿದ ಎಂಜಿನಿಯರಿಗೆ ಸೂತ್ರಕ್ಕಿಂತ ಈ ತಿಳಿವಳಿಕೆಯೇ ಹೆಚ್ಚು ಬೇಕಾಗುತ್ತೆ.

ಈಗ ನಿಮ್ಮ ಅಣ್ಣನ ಮಾತಿಗೆ ಬರುತ್ತೇನೆ. ಅವನು ಸುಳ್ಳು ಹೇಳುತ್ತಿಲ್ಲ. ವೆಬ್‌ಸೈಟು, ಆ್ಯಪ್, ಬ್ಯಾಂಕಿನ ಬಿಲ್ಲಿಂಗ್ ಇಂಥ ಕೆಲಸಗಳಲ್ಲಿ ಡೆರಿವೇಟಿವ್ ಕೈಯಾರೆ ಬರೆಯುವ ಸಂದರ್ಭ ಬರುವುದೇ ಇಲ್ಲ. ಬ್ಯಾಂಕ್ ಪರೀಕ್ಷೆಗೆ ಓದುವವರಿಗೂ ಇದು ಬೇಡ. ಆದರೆ ಅದು ಅವನ ಟೇಬಲ್ಲಿನ ಸತ್ಯ. ಅದೇ ಬೆಂಗಳೂರಿನಲ್ಲಿ ಎಐ ಮಾಡೆಲ್ ತರಬೇತಿ ಮಾಡುವವರ ಟೇಬಲ್ಲಿನ ಸತ್ಯ ಬೇರೆ.

ಅವರ ಕೆಲಸ ಏನು ಅಂತ ನಮ್ಮ ತೊಟ್ಟಿಯಿಂದಲೇ ತೋರಿಸುತ್ತೇನೆ. ಸಮೀಕರಣ ಬಿಡಿಸಲು ಬರುವುದಿಲ್ಲ ಅಂತಿಟ್ಟುಕೋ. ಅಗಲ 5ರಿಂದ ಶುರು ಮಾಡು. ಅಲ್ಲಿ ಡೆರಿವೇಟಿವ್ 10 − 5.12, ಅಂದರೆ 4.88. ಪ್ಲಸ್ ಇದೆ, ಅಂದರೆ ಅಗಲ ಹೆಚ್ಚಿಸಿದರೆ ಗಾರೆ ಏರುತ್ತೆ, ಹಾಗಾಗಿ ಹಿಂದಕ್ಕೆ ಹೋಗಬೇಕು. ಎಷ್ಟು ಹಿಂದಕ್ಕೆ? ಡೆರಿವೇಟಿವ್‌ನ ಹತ್ತನೇ ಒಂದು ಭಾಗ, 0.49. ಈಗ ಅಗಲ 4.51. ಅಲ್ಲಿ ಮತ್ತೆ ಡೆರಿವೇಟಿವ್ ಕಂಡುಹಿಡಿ, ಮತ್ತೆ ಹತ್ತನೇ ಒಂದು ಭಾಗ ಹಿಂದಕ್ಕೆ: 4.24. ಮತ್ತೆ: 4.10. ಮತ್ತೆ: 4.04. ತಾನಾಗಿಯೇ 4ರ ಕಡೆಗೆ ಜಾರುತ್ತಿದೆ. ಇದಕ್ಕೆ ಗ್ರೇಡಿಯೆಂಟ್ ಡಿಸೆಂಟ್ ಅಂತ ಹೆಸರು. ನಮ್ಮಲ್ಲಿ ಎಕ್ಸ್ ಒಂದೇ. ಇವತ್ತಿನ ದೊಡ್ಡ ಮಾಡೆಲ್‌ಗಳಲ್ಲಿ ಅಂಥವು ಕೋಟಿಗಟ್ಟಲೆ. ಪ್ರತಿಯೊಂದನ್ನೂ ಯಾವ ಕಡೆ ಎಷ್ಟು ಸರಿಸಬೇಕು ಅಂತ ಕಂಡುಹಿಡಿಯುವ ವಿಧಾನ ಬ್ಯಾಕ್‌ಪ್ರೊಪಗೇಶನ್, ಅದು ಪದರ ಪದರವಾಗಿ ಹಚ್ಚಿದ ಚೈನ್ ರೂಲ್. ಆ ವಿಧಾನವನ್ನು ನರಜಾಲ (ನ್ಯೂರಲ್ ನೆಟ್‌ವರ್ಕ್) ಅನ್ನುವ ಮಾಡೆಲ್‌ಗಳಿಗೆ ಹಚ್ಚಿ 1986ರಲ್ಲಿ ಪ್ರಸಿದ್ಧಿಗೆ ತಂದ ಮೂವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ ಅವರಿಗೆ 2024ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಭಾಗಿಸುವ ಕೆಲಸವನ್ನೆಲ್ಲ ಕಂಪ್ಯೂಟರ್ ಮಾಡುತ್ತೆ, ನಿಜ. ಆದರೆ ಹೆಜ್ಜೆ ದೊಡ್ಡದಾಗಿ ಮಾಡೆಲ್ ಆಚೀಚೆ ಜಿಗಿಯುತ್ತಿದೆಯೋ, ಚಿಕ್ಕದಾಗಿ ತೆವಳುತ್ತಿದೆಯೋ ಅಂತ ಗುರುತಿಸಬೇಕಾದವರು ಮನುಷ್ಯರೇ. ಬೇಕಾದರೆ ಹತ್ತನೇ ಒಂದು ಭಾಗದ ಬದಲು ಪೂರ್ತಿ ಡೆರಿವೇಟಿವ್‌ನಷ್ಟೇ ಹೆಜ್ಜೆ ಇಟ್ಟು ನೋಡು, 5ರಿಂದ 0.12ಕ್ಕೆ ಹಾರಿ ಲೆಕ್ಕವೇ ಕೆಟ್ಟುಹೋಗುತ್ತೆ.

ಕಂಪ್ಯೂಟರ್ ಬಿಟ್ಟು ನಮ್ಮ ಜಿಲ್ಲೆಗಳ ಸುತ್ತಲೇ ನೋಡು. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್‌ನದು. ಬಿಸಿಲು, ಮೋಡ, ಬಿಸಿ ಬದಲಾದ ಹಾಗೆ ಪ್ಯಾನೆಲ್‌ನಿಂದ ಅತಿ ಹೆಚ್ಚು ವಿದ್ಯುತ್ ಬರುವ ವೋಲ್ಟೇಜೂ ಬದಲಾಗುತ್ತಿರುತ್ತೆ. ಇನ್ವರ್ಟರ್ ವೋಲ್ಟೇಜನ್ನು ಒಂದು ಚೂರು ಸರಿಸಿ ನೋಡುತ್ತೆ: ಪವರ್ ಏರಿತೋ, ಅದೇ ಕಡೆ ಇನ್ನೊಂದು ಹೆಜ್ಜೆ, ಇಳಿಯಿತೋ, ಹಿಂದಕ್ಕೆ. ವೋಲ್ಟೇಜ್ ಬದಲಾದ ಹಾಗೆ ಪವರ್ ಬದಲಾಗುವ ವೇಗ ಎಲ್ಲಿ ಸೊನ್ನೆಯೋ ಅಲ್ಲಿ ನಿಲ್ಲಲು ದಿನವಿಡೀ ಹುಡುಕುತ್ತಲೇ ಇರುತ್ತೆ. ನಮ್ಮ ತೊಟ್ಟಿಯಲ್ಲಿ ತಗ್ಗು ಹುಡುಕಿದೆವು, ಇಲ್ಲಿ ದಿಬ್ಬದ ನೆತ್ತಿ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ಅಂಥ ಕಡೆ ಕೆಲಸಕ್ಕೆ ಸೇರಿದ ನನ್ನ ಶಿಷ್ಯನೊಬ್ಬ ಇದನ್ನು ಹೇಳಿದಾಗ ನನಗೆ ಆದ ಸಂತೋಷ ಹೇಳತೀರದು.

ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಬಿಸಿ, ಒತ್ತಡ, ಮೋಟಾರಿನ ವೇಗ ಹಿಡಿತದಲ್ಲಿಡಲು ಪಿಐಡಿ ಕಂಟ್ರೋಲರ್ ಬಳಸುತ್ತಾರೆ. ಅದರ ಡಿ ಅಂದರೆ ಡೆರಿವೇಟಿವ್. ಹಾಲು ಪಾತ್ರೆಯ ಅಂಚಿಗೆ ಬರುವ ಮುಂಚೆಯೇ, ಏರುವ ರಭಸ ನೋಡಿ ನಿಮ್ಮ ಅಮ್ಮ ಒಲೆ ಸಣ್ಣ ಮಾಡುತ್ತಾರಲ್ಲ, ಆ ಡಿ ಮಾಡುವುದೂ ಅದನ್ನೇ. ಸಿವಿಲ್‌ಗೆ ಹೋದರೆ ತೊಲೆಯ ಲೆಕ್ಕದಲ್ಲಿ ಬೆಂಡಿಂಗ್ ಮೊಮೆಂಟ್‌ನ (ತೊಲೆಯನ್ನು ಬಗ್ಗಿಸುವ ಒತ್ತಾಯದ ಅಳತೆ) ಡೆರಿವೇಟಿವ್ ಶಿಯರ್ ಫೋರ್ಸ್ (ತೊಲೆಯನ್ನು ಅಡ್ಡಕ್ಕೆ ಕತ್ತರಿಸುವಂಥ ಬಲ). ಅದು ಸೊನ್ನೆಯಾಗುವ ಜಾಗದಲ್ಲಿ ಮೊಮೆಂಟ್ ಅತಿ ಹೆಚ್ಚು, ಬಗ್ಗದಂತೆ ತಡೆಯುವ ಕಬ್ಬಿಣ ಹೆಚ್ಚು ಬೇಕಾಗುವುದೂ ಅಲ್ಲೇ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ನಿನ್ನ ಕಾಲೇಜಿನಿಂದ ದೂರವೇನಿಲ್ಲ! ಮೆಕ್ಯಾನಿಕಲ್, ಏರೋನಾಟಿಕಲ್ ಬಗ್ಗೆ ಬೇರೆ ಹೇಳಬೇಕಾಗಿಲ್ಲ, ಅಲ್ಲಿ ಇದು ಅಕ್ಷರಮಾಲೆ. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರದ ಎಂಎಗೂ ಬೇಕು. ಗಣಿತವೇ ಹಿಡಿಸಿತು ಅಂದರೆ ಬೆಂಗಳೂರಿನ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಿ.ಮ್ಯಾಥ್ ಇದೆ. ಪ್ರವೇಶ ಪರೀಕ್ಷೆ ಕಷ್ಟದ್ದೇ, ಆದರೆ ನಮ್ಮ ಕಡೆಯ ಮಕ್ಕಳು ಅದರ ಹೆಸರನ್ನೇ ಕೇಳಿರುವುದಿಲ್ಲ ಅನ್ನುವುದು ನನ್ನ ಬಹುದಿನದ ನೋವು.

ಅರ್ಥಶಾಸ್ತ್ರದ ಮಾತು ಬಂತು, ಕೋಲಾರದ ಮಾರ್ಕೆಟ್ಟಿನ ಒಂದು ಸಂಗತಿ ಹೇಳಿಬಿಡುತ್ತೇನೆ. ರೇಟು ಬಿದ್ದಾಗ ಟೊಮೆಟೊ ಕೀಳದೆ ತೋಟದಲ್ಲೇ ಬಿಡುವ ರೈತನನ್ನು ಊರಾಚೆಯವರು 'ಬಂದಷ್ಟಾದರೂ ಬರಲಿ ಅಂತ ಮಾರಬಾರದಿತ್ತೇ' ಅನ್ನುತ್ತಾರೆ. ಲೆಕ್ಕಕ್ಕೆ ಹೇಳುತ್ತೇನೆ: ಸಸಿ, ಕಡ್ಡಿ, ದಾರ, ಔಷಧಿ ಎಲ್ಲ ಸೇರಿ 15 ಕೆಜಿಯ ಬಾಕ್ಸ್‌ಗೆ ಸರಾಸರಿ ಖರ್ಚು 180 ರೂಪಾಯಿ. ಅದರಲ್ಲಿ ಹೆಚ್ಚಿನದು ಆಗಲೇ ಖರ್ಚಾಗಿ ಹೋಗಿದೆ. ಇವತ್ತು ಇನ್ನೊಂದು ಬಾಕ್ಸ್ ಕಿತ್ತು ಸಾಗಿಸಲು ಬೀಳುವ ಕೂಲಿ, ಬಾಡಿಗೆ 60. ರೇಟು 90 ಇದ್ದರೆ ನಷ್ಟದಲ್ಲೂ ಕೀಳುವುದೇ ಸರಿ. 50 ಇದ್ದರೆ ಕಿತ್ತಷ್ಟೂ ನಷ್ಟ ಹೆಚ್ಚು. ಆ 60 ಒಟ್ಟು ಖರ್ಚಿನ ಡೆರಿವೇಟಿವ್, ಅರ್ಥಶಾಸ್ತ್ರದವರು ಮಾರ್ಜಿನಲ್ ಕಾಸ್ಟ್ ಅನ್ನುತ್ತಾರೆ. ರೈತ ಮಾಡಿದ ಲೆಕ್ಕ ಸರಿಯಾದದ್ದೇ.

ಎಚ್ಚರಿಕೆ ಒಂದಿದೆ. ಮೊಬೈಲಿನಲ್ಲಿ 'ಡೆರಿವೇಟಿವ್ ಟ್ರೇಡಿಂಗ್ ಕಲಿಯಿರಿ, ದಿನಕ್ಕೆ ಇಷ್ಟು ಗಳಿಸಿ' ಅಂತ ಜಾಹೀರಾತು ಬರುತ್ತೆ. ಷೇರು ಮಾರುಕಟ್ಟೆಯ ಆ ಡೆರಿವೇಟಿವ್ ಬೇರೆ, ಫ್ಯೂಚರ್ಸ್ ಮತ್ತು ಆಪ್ಷನ್ಸ್ ಅನ್ನುವ ಕರಾರುಗಳ ಹೆಸರು ಅದು. ಆಪ್ಷನ್ಸ್‌ಗೆ ಬೆಲೆ ಕಟ್ಟಲು ನಮ್ಮ ಕ್ಯಾಲ್ಕುಲಸ್ ಬಳಸುವ ವೃತ್ತಿಯೂ ಇದೆ, ಅದಕ್ಕೆ ವರ್ಷಗಟ್ಟಲೆ ಓದು ಬೇಕು. ಆದರೆ ಆ ವಹಿವಾಟಿಗೆ ಇಳಿದ ಸಾಮಾನ್ಯ ಜನರಲ್ಲಿ 10ಕ್ಕೆ 9 ಮಂದಿಗಿಂತ ಹೆಚ್ಚು ಕಳೆದುಕೊಂಡಿದ್ದಾರೆ ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿದೆ. ನಿಮ್ಮ ಮನೆಯ ಗೂಡು ಮಾರಿದ ದುಡ್ಡು ಅಲ್ಲಿಗೆ ಹೋಗಬಾರದು.

ಕೊನೆಯ ಪ್ರಶ್ನೆ, ಯಾವುದರಿಂದ ಶುರು. ಪ್ರಥಮ ಪಿಯುಸಿಯ ಲಿಮಿಟ್ ಪಾಠ ಮತ್ತೊಮ್ಮೆ, ಒಂದು ವಾರ. ಆಮೇಲೆ ದ್ವಿತೀಯದ ಐದನೇ ಅಧ್ಯಾಯದಲ್ಲಿ ಚೈನ್ ರೂಲ್‌ನ ಲೆಕ್ಕಗಳನ್ನೆಲ್ಲ ಒಂದೂ ಬಿಡದೆ. ಆರನೇ ಅಧ್ಯಾಯಕ್ಕೆ ಬಂದಾಗ ಮೊದಲು ಮ್ಯಾಕ್ಸಿಮಾ ಮಿನಿಮಾ. ಪ್ರತಿ ಲೆಕ್ಕಕ್ಕೂ ಸೂತ್ರಕ್ಕಿಂತ ಮುಂಚೆ ತೊಟ್ಟಿಗೆ ಮಾಡಿದ ಹಾಗೆ ಮೂರು ಸಂಖ್ಯೆ ಹಾಕಿ ನೋಡು. ಸಿಇಟಿಯ ಶಾರ್ಟ್‌ಕಟ್ ಪುಸ್ತಕವನ್ನು ಇವೆಲ್ಲ ಆದ ಮೇಲೆ ತೆಗೆ.

ಮುಂದಿನ ಬೆಳೆಗೆ ನಾಲ್ಕನೇ ಜ್ವರ ಎದ್ದಾಗ ಪುಸ್ತಕ ಮುಚ್ಚಿಡು, ಪರವಾಗಿಲ್ಲ. ಹುಳುವಿನ ಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಹಾಕಿದ ಸೊಪ್ಪಿನ ತೂಕವನ್ನು ದಿನಾ ಬರಿ. ಮೊದಲ ಸಾಲಿನಲ್ಲಿ ಅಲ್ಲಿಯವರೆಗಿನ ಒಟ್ಟು, ಎರಡನೆಯದರಲ್ಲಿ ಆ ದಿನದ್ದು, ಮೂರನೆಯದರಲ್ಲಿ ನಿನ್ನೆಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ. ಎರಡನೆಯದು ಡೆರಿವೇಟಿವ್, ಮೂರನೆಯದು ಸೆಕೆಂಡ್ ಡೆರಿವೇಟಿವ್. ಎರಡನೇ ಸಾಲು ಇನ್ನೂ ಏರುತ್ತಿರುವಾಗಲೇ ಮೂರನೇ ಸಾಲು ಯಾವ ದಿನದಿಂದ ಸಣ್ಣದಾಗತೊಡಗಿತು ಅಂತ ಗುರುತು ಹಾಕು. ಗೂಡು ಬಿಡಿಸಿದ ಮೇಲೆ ಆ ಹಾಳೆಯ ಸಂಖ್ಯೆಗಳನ್ನು ನನಗೆ ಬರೆದು ಕಳಿಸು, ಗ್ರಾಫ್ ಇಬ್ಬರೂ ಸೇರಿ ಎಳೆಯೋಣ.